ಇತಿಹಾಸ ಶಿಕ್ಷಕರ ಚೀಲದಲ್ಲಿ ಇರಬೇಕಾದ ಕೆಲವು ಪುಸ್ತಕಗಳು

ಇತಿಹಾಸದ ಅಭ್ಯಾಸ ಪಾಠಗಳನ್ನು ವೀಕ್ಷಿಸುವಾಗ ಪಾಠಯೋಜನೆಯ ಅಂಚಿನಲ್ಲಿ ನಾನು ಹೆಚ್ಚು ಸಲ ಬರೆಯುವ ಷರಾ ಒಂದೇ: ‘ಕಥೆ ಚೆನ್ನಾಗಿತ್ತು. ಇದನ್ನು ಹೇಳಿದವರು ಯಾರು?’ ಕಥೆ ಹೇಳುವುದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಹಿಂದೆ ಬಿದ್ದವರಲ್ಲ. ಪೀಠಿಕೆಯಲ್ಲಿ ಒನಕೆ ಓಬವ್ವ ಬಂದರೆ ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳುತ್ತದೆ. ಆದರೆ ಆ ಹೊತ್ತಿಗೆ ಎಷ್ಟೋ ಮಕ್ಕಳ ಕಣ್ಣಮುಂದೆ ಇರುವುದು 1972ರ ‘ನಾಗರಹಾವು’ ಚಿತ್ರದ ಓಬವ್ವ. ಪಠ್ಯಪುಸ್ತಕದ ಎರಡು ಸಾಲು, ಸಿನಿಮಾದ ಹಾಡು, ಊರವರ ಬಾಯಿಮಾತು ಎಲ್ಲವೂ ಕಲೆತು ಒಂದೇ ‘ಇತಿಹಾಸ’ವಾಗಿ ಮಗುವಿನ ತಲೆಗೆ ಇಳಿಯುತ್ತದೆ. ಅದನ್ನು ಬಿಡಿಸಿ ತೋರಿಸುವ ಕೆಲಸ ಶಿಕ್ಷಕರದು.

ಅದಕ್ಕಾಗಿ ನನ್ನದೊಂದು ಸಲಹೆ. ಸಮಾಜ ವಿಜ್ಞಾನ ಬೋಧನಾ ವಿಷಯವಾಗಿರುವ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಕೋರ್ಸು ಮುಗಿಯುವುದರೊಳಗೆ ಕನಿಷ್ಠ ಎರಡು ಐತಿಹಾಸಿಕ ಕಾದಂಬರಿಗಳನ್ನೂ ಒಂದೆರಡು ಸೈನಿಕ ಆತ್ಮಕಥನಗಳನ್ನೂ ಓದಬೇಕು. ಪಾಠಕ್ಕೆ ರಂಗು ತುಂಬಲು ಅಲ್ಲ. ಪಠ್ಯಪುಸ್ತಕದಲ್ಲಿ ಮಾತಾಡುವವರು ಯಾರೆಂಬುದು ಕಾಣುವುದಿಲ್ಲ. ಆತ್ಮಕಥನದಲ್ಲಿ, ಕಾದಂಬರಿಯಲ್ಲಿ ಕಾಣುತ್ತದೆ. ‘ಇವರು ಎಲ್ಲಿ ನಿಂತು ಹೇಳುತ್ತಿದ್ದಾರೆ?’ ಎಂದು ಕೇಳುವ ಅಭ್ಯಾಸಕ್ಕೆ ಇಂಥ ಪುಸ್ತಕಗಳೇ ಒಳ್ಳೆಯ ಗರಡಿ. ಕಳೆದ ಕೆಲವು ತಿಂಗಳಲ್ಲಿ ನಾನು ಓದಿದ, ಮರಳಿ ಓದಿದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಬ್ರಿಗೇಡಿಯರ್ ಜೆ. ಪಿ. ದಳವಿ ಅವರ ‘ಹಿಮಾಲಯನ್ ಬ್ಲಂಡರ್’. 1962ರ ಚೀನಾ ಯುದ್ಧದಲ್ಲಿ, ಇಂದಿನ ಅರುಣಾಚಲ ಪ್ರದೇಶದ ನಾಮ್ಕಾ ಚು ನದಿಯ ದಂಡೆಯಲ್ಲಿದ್ದ 7ನೇ ಬ್ರಿಗೇಡಿನ ದಂಡನಾಯಕರು ಅವರು. ಅಕ್ಟೋಬರ್ 20ರಂದು ದಾಳಿಯಾಯಿತು, ಬ್ರಿಗೇಡ್ ಚದುರಿತು, ಅವರು ಸೆರೆ ಸಿಕ್ಕರು. ಬಿಡುಗಡೆಯಾದ ಮೇಲೆ ಬರೆದ ಈ ಪುಸ್ತಕ 1969ರಲ್ಲಿ ಹೊರಬಂತು. ರವಿ ಬೆಳಗೆರೆಯವರು ಇದನ್ನು ಕನ್ನಡಕ್ಕೆ ತಂದಿದ್ದಾರೆ, ಆದ್ದರಿಂದ ಇಂಗ್ಲಿಷ್ ತೊಡಕಾದವರಿಗೂ ನೆಪವಿಲ್ಲ. ಚಳಿಗೆ ತಕ್ಕ ಬಟ್ಟೆಯಿಲ್ಲದ, ಮದ್ದುಗುಂಡು ಸಾಲದ ಸೈನಿಕರನ್ನು ಆ ಕಣಿವೆಯಲ್ಲಿ ನಿಲ್ಲಿಸಿದವರ ಮೇಲಿನ ಸಿಟ್ಟು ಪುಟಪುಟದಲ್ಲೂ ಇದೆ.

ಇಷ್ಟಕ್ಕೇ ನಿಲ್ಲಬೇಡಿ. ಆ ಬ್ರಿಗೇಡ್ ಯಾರ ಅಧೀನದಲ್ಲಿತ್ತೋ ಆ 4ನೇ ಕೋರ್‌ನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್ ಕೂಡ ಒಂದು ಪುಸ್ತಕ ಬರೆದಿದ್ದಾರೆ: 1967ರ ‘ದಿ ಅನ್‌ಟೋಲ್ಡ್ ಸ್ಟೋರಿ’. ಅದೇ ನದಿ, ಅದೇ ತಿಂಗಳು, ಆದರೆ ಹೇಳುವವರು ಬೇರೆ. ಒಬ್ಬರು ಕೆಳಗಿನಿಂದ ಮೇಲಕ್ಕೆ ಬೆರಳು ತೋರಿಸಿದರೆ ಇನ್ನೊಬ್ಬರು ತಮ್ಮ ಮೇಲೆ ಬಂದ ಆರೋಪಗಳಿಗೆ ಉತ್ತರ ಕೊಡುತ್ತಾರೆ. ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಪೂರ್ತಿಯಾಗಿ ಪ್ರಕಟಿಸಿಲ್ಲ. ಹೀಗಿರುವಾಗ ಇಂಥ ಪುಸ್ತಕಗಳು ಸಾಕ್ಷಿಗಳು ಹೌದು. ಜೊತೆಗೆ ತಮ್ಮ ಪರವಾಗಿ ತಾವೇ ಮಾಡಿದ ವಾದಗಳೂ ಹೌದು. ದಳವಿಯವರ ಸಿಟ್ಟು ನ್ಯಾಯವೆಂದೇ ನನಗೆ ಅನಿಸುತ್ತದೆ. ಆದರೂ ಒಂದನ್ನೇ ಓದಿ ತರಗತಿಗೆ ಹೋದ ಶಿಕ್ಷಕರು ಇತಿಹಾಸದ ಬದಲು ಸಿಟ್ಟನ್ನೇ ಕಲಿಸಿ ಬಂದಾರು.

ಸೋತ ಸೇನಾಪತಿ ಬೇರೆ ರೀತಿಯಲ್ಲೂ ಬರೆಯಬಲ್ಲ ಎಂಬುದಕ್ಕೆ ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ ಅವರ ‘ಡಿಫೀಟ್ ಇನ್‌ಟು ವಿಕ್ಟರಿ’ (1956) ನೋಡಿ. 1942ರಲ್ಲಿ ಬರ್ಮಾದಿಂದ ಭಾರತದವರೆಗೆ ಸೋತು ಹಿಮ್ಮೆಟ್ಟಿದ್ದು, 1945ರಲ್ಲಿ ಮತ್ತೆ ರಂಗೂನು ಸೇರಿದ್ದು ಇದರ ವಸ್ತು. ಅವರ 14ನೇ ಸೇನೆಯಲ್ಲಿ ಹೆಚ್ಚಿನವರು ಭಾರತೀಯರೇ, ಕೊಡಗಿನ ಕೆ. ಎಸ್. ತಿಮ್ಮಯ್ಯ ಅರಾಕಾನಿನಲ್ಲಿ ಹೋರಾಡಿದ್ದು ಇದೇ ಯುದ್ಧದಲ್ಲಿ. ಕೊಹಿಮಾದತ್ತ ಸಣ್ಣ ಪಡೆ ಬಂದೀತೆಂದು ತಾವು ಎಣಿಸಿದ್ದು, ಜಪಾನಿನ ಒಂದು ಇಡೀ ಡಿವಿಷನ್ನೇ ಬಂದದ್ದು, ಲೆಕ್ಕ ತಪ್ಪಿದ್ದು ತಮ್ಮದೇ ಎಂಬುದನ್ನು ಸ್ಲಿಮ್ ಮುಚ್ಚಿಡದೆ ಬರೆಯುತ್ತಾರೆ. ಇಂಗ್ಲಿಷ್ ಸರಳವಾಗಿದೆ. ಪಾಠದ ಆತ್ಮಾವಲೋಕನ ಬರೆಯಲು ತಿಣುಕುವ ಪ್ರಶಿಕ್ಷಣಾರ್ಥಿಗಳು ಇದರ ಒಂದೆರಡು ಅಧ್ಯಾಯವನ್ನಾದರೂ ಓದಬೇಕು.

ಇನ್ನು ಕಾದಂಬರಿಗಳು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಕೊನೆಯ ಅರಸನನ್ನು ಪಟ್ಟದಿಂದ ಇಳಿಸಿ ರಾಜ್ಯವನ್ನು ವಶಪಡಿಸಿಕೊಂಡಿತು. ಅದು ಜನರ ಇಚ್ಛೆಯಂತೆ ನಡೆಯಿತೆಂದು ಕಂಪನಿಯ ಪ್ರಕಟಣೆ ಹೇಳಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಈ ಪತನವನ್ನು ಅರಮನೆಯ ಒಳಗಿನಿಂದ ನೋಡುತ್ತದೆ. ಅರಸನ ದೌರ್ಜನ್ಯ, ಮಂತ್ರಿಗಳ ಇಕ್ಕಟ್ಟು, ರಾಣಿಯ ತಾಳ್ಮೆ ಎಲ್ಲವನ್ನೂ ಅವರು ನಿಧಾನವಾಗಿ ಬಿಡಿಸುತ್ತಾರೆ. ಓದಿ ಮುಗಿಸಿದವರಿಗೆ ‘ಇಂಥ ಅರಸ ಹೋದದ್ದೇ ಒಳಿತಾಯಿತು’ ಎನಿಸಿದರೆ ಆಶ್ಚರ್ಯವಿಲ್ಲ. ಅದಾದ ಮೇಲೆ ನಿರಂಜನರ ‘ಕಲ್ಯಾಣಸ್ವಾಮಿ’ ಹಿಡಿಯಿರಿ. ಮೂರೇ ವರ್ಷದಲ್ಲಿ, 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ಹೊರಟ ಬಂಡಾಯಗಾರರು ಮಂಗಳೂರನ್ನೇ ಕೈವಶ ಮಾಡಿಕೊಂಡರು. ಆ ನಾಡಿನಲ್ಲೇ ಹುಟ್ಟಿದ ನಿರಂಜನರು ಬಂಡಾಯದವರ ಕಡೆ ನಿಂತು ಬರೆಯುತ್ತಾರೆ. ಜನರ ಇಚ್ಛೆಯಂತೆಯೇ ರಾಜ್ಯ ಕೈಬದಲಾಗಿದ್ದರೆ ಈ ಜನ ಯಾಕೆ ಎದ್ದರು? ಈ ಪ್ರಶ್ನೆಯನ್ನು ನಾವು ಕೇಳಬೇಕಾಗಿಲ್ಲ. ಎರಡೂ ಕಥೆಯನ್ನು ಹೇಳಿದರೆ ಮಕ್ಕಳೇ ಕೇಳುತ್ತಾರೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಮಾಸ್ತಿಯವರ ಕಾದಂಬರಿಯಲ್ಲಿ ಅರಸನ ಕೆಟ್ಟ ಕೆಲಸಗಳಿಗೆ ಜೊತೆಯಾಗುವವನು ಕುಂಟ ಬಸವ. ಕಾದಂಬರಿ ಓದುವ ದೊಡ್ಡವರಿಗೆ ಅವನ ನೋವೂ ಕಾಣುತ್ತದೆ. ಆದರೆ ಎಂಟನೇ ತರಗತಿಯಲ್ಲಿ ಐದು ನಿಮಿಷದ ಕಥೆಯಾಗಿ ಹೇಳಿದಾಗ ಉಳಿಯುವುದು ‘ಕುಂಟ’ ಎಂಬ ಪದ ಮಾತ್ರ. ಎರಡನೇ ಬೆಂಚಿನಲ್ಲಿ ಕಾಲು ಎಳೆದು ನಡೆಯುವ ಮಗುವೊಂದು ಕೂತಿದ್ದರೆ ವಿರಾಮದ ಹೊತ್ತಿನಲ್ಲಿ ಅದಕ್ಕೆ ಯಾವ ಹೆಸರು ಅಂಟೀತು? ಒಂದು ಯುದ್ಧದ ಕಥೆಯಲ್ಲಿ ದ್ರೋಹಿಯ ಜಾತಿ, ಸೋತವನ ಧರ್ಮ ಹೇಳುವಾಗಲೂ ಇದೇ ಅಪಾಯ. ಯಾವ ಭಾಗವನ್ನು ಓದಿ ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಪಾಠಯೋಜನೆ ಬರೆಯುವಾಗಲೇ ತೀರ್ಮಾನವಾಗಬೇಕು, ಕಪ್ಪುಹಲಗೆಯ ಮುಂದೆ ನಿಂತಾಗ ಅಲ್ಲ.

‘40 ನಿಮಿಷದ ಅವಧಿ, ಮುಗಿಯದ ಪಠ್ಯ, ಇದಕ್ಕೆಲ್ಲ ಸಮಯ ಎಲ್ಲಿದೆ ಸರ್?’ ಎಂಬ ಮಾತು ಬಂದೇ ಬರುತ್ತದೆ. ಪುಸ್ತಕ ಓದಬೇಕಾದವರು ನೀವು, ಮಕ್ಕಳಲ್ಲ. ತರಗತಿಗೆ ಬೇಕಾದದ್ದು ಹತ್ತು ನಿಮಿಷ. ಕಪ್ಪುಹಲಗೆಯಲ್ಲಿ ಎರಡು ಅಂಕಣ ಎಳೆಯಿರಿ. ಒಂದೇ ಘಟನೆಯ ಬಗ್ಗೆ ಇಬ್ಬರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಎರಡೆರಡು ಸಾಲು ಬರೆಯಿರಿ. ಆಮೇಲೆ ಮೂರೇ ಪ್ರಶ್ನೆ: ಹೇಳಿದವರು ಆಗ ಎಲ್ಲಿದ್ದರು? ಯಾವಾಗ ಬರೆದರು? ಈ ಮಾತನ್ನು ನಂಬಿದರೆ ಯಾರಿಗೆ ಲಾಭ? ಕಾದಂಬರಿಯಾದರೆ ನಾಲ್ಕನೆಯದು: ಇದರಲ್ಲಿ ಲೇಖಕರು ಊಹಿಸಿರಬಹುದಾದದ್ದು ಯಾವುದು? ಇಬ್ಬರು ಮಾತಾಡಿಕೊಂಡ ಗುಟ್ಟು ಲೇಖಕರಿಗೆ ಹೇಗೆ ಗೊತ್ತಾಯಿತೆಂದು ಒಂದು ಮಗು ಕೇಳಿದರೆ ಆ ದಿನದ ಪಾಠ ಗೆದ್ದ ಹಾಗೆ.

‘ಕಾದಂಬರಿ ಆಕರವಲ್ಲ’ ಎನ್ನುವ ಮೇಲ್ವಿಚಾರಕರೂ ಇದ್ದಾರೆ. ಅವರ ಮಾತು ಸರಿ. 1834ರಲ್ಲಿ ಏನಾಯಿತು ಎಂಬುದಕ್ಕೆ 1956ರ ಕಾದಂಬರಿ ಪುರಾವೆಯಾಗದು. ಆದರೆ ಆಕರಕ್ಕೂ ಕಾದಂಬರಿಗೂ ಇರುವ ವ್ಯತ್ಯಾಸವನ್ನು ತೋರಿಸಲು ಕಾದಂಬರಿ ತರಗತಿಗೆ ಬರಲೇಬೇಕು. ನಾವು ತರದಿದ್ದರೆ ಅದು ಸಿನಿಮಾ, ಧಾರಾವಾಹಿ, ಮೊಬೈಲಿನ ರೂಪದಲ್ಲಿ, ‘ಇದೇ ನಿಜ’ ಎಂಬ ಹಣೆಪಟ್ಟಿ ಕಟ್ಟಿಕೊಂಡು ಹೇಗೂ ಬರುತ್ತದೆ.

ಕೊನೆಯದಾಗಿ ಒಂದು ಕೊರತೆಯ ಮಾತು. ನಾನು ಹೆಸರಿಸಿದ ಮೂರೂ ಆತ್ಮಕಥನಗಳು ಅಧಿಕಾರಿಗಳವು. ನಾಮ್ಕಾ ಚುವಿನ ಕಂದಕದಲ್ಲಿ ನಿಂತಿದ್ದ ಜವಾನ ಅವುಗಳಲ್ಲಿ ಇದ್ದಾನೆ, ಆದರೆ ಅವನೇ ಮಾತಾಡುವುದಿಲ್ಲ. ನೀವು ಅಭ್ಯಾಸ ಬೋಧನೆಗೆ ಹೋಗುವ ಊರಿನಲ್ಲಿ ನಿವೃತ್ತ ಸೈನಿಕರು ಒಬ್ಬರಾದರೂ ಇದ್ದಾರು. ಅವರ ಒಪ್ಪಿಗೆ ಪಡೆದು ಮಕ್ಕಳ ಜೊತೆ ಹೋಗಿ ಮಾತಾಡಿಸಿ, ಬರೆದುಕೊಳ್ಳಿ. ಅವರ ಮನೆಯವರನ್ನೂ ಕೇಳಿ. ಪತ್ರಕ್ಕಾಗಿ ಕಾದವರ ನೆನಪೂ ಯುದ್ಧದ ನೆನಪೇ. ಆಮೇಲೆ ಅದೇ ಪ್ರಶ್ನೆಗಳನ್ನು ಗೌರವದಿಂದ ಆ ಬರಹಕ್ಕೂ ಹಾಕಿ. ಮುಂದಿನ ಹಂತದ ಅಭ್ಯಾಸ ಪಾಠಗಳಿಗೆ ಬರುವಾಗ ನಿಮ್ಮ ಪಾಠಯೋಜನೆಯಲ್ಲಿ ಬೋಧನೋಪಕರಣದ ಅಂಕಣದ ಪಕ್ಕ ಇನ್ನೊಂದು ಸಣ್ಣ ಅಂಕಣ ಎಳೆದಿರಿ: ‘ಹೇಳಿದವರು ಯಾರು?’ ನಾನು ಮೊದಲು ಓದುವುದು ಅದನ್ನೇ.