ಕೈತೋಟ: ಮಳೆಗೆ ಮುನ್ನ ಸಸಿಗಳು

ಶೀತದೇಶಗಳಲ್ಲಿ ಹಿಮದಿಂದ ಎಳೆಯ ಸಸಿಗಳು ಸಾಯುವುದುಂಟು. ಆದುದರಿಂದ ಅಲ್ಲಿನವರು ಬೀಜವನ್ನು ಮನೆಯೊಳಗೆ ಮೊಳೆಯಿಸಿ, ಹಿಮದ ಕಾಲ ಕಳೆದ ಮೇಲೆ ಹೊರಗೆ ನೆಡುವರು. ಮೈಸೂರು ಸೀಮೆಯ ನಮಗೆ ಆ ಭಯವಿಲ್ಲ. ನಮಗಿರುವುದು ವೈಶಾಖದ ಬಿಸಿಲಿನ ಮತ್ತು ಮೊದಲ ಮಳೆಯ ಹೊಡೆತದ ಭಯ. ಬದನೆ, ಮೆಣಸಿನಕಾಯಿ, ಟೊಮೇಟೊ ಬೀಜಗಳನ್ನು ಮೇ ತಿಂಗಳ ಮೊದಲ ವಾರದಲ್ಲಿಯೇ ಜಗಲಿಯ ಕುಂಡದಲ್ಲಿ ಬಿತ್ತಿದರೆ, ಜೂನ್ ನಡುವೆ ಮುಂಗಾರು ನೆಲೆಗೊಳ್ಳುವ ವೇಳೆಗೆ ಸಸಿಗಳು ಸಿದ್ಧವಾಗಿರುವುವು.

ಕುಂಡದ ತಳದ ತೂತಿನ ಮೇಲೆ ಹೆಂಚಿನ ಚೂರನ್ನಿಟ್ಟು, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರಗಳನ್ನು ಸಮಭಾಗವಾಗಿ ಬೆರೆಸಿ ತುಂಬತಕ್ಕದ್ದು. ಬೀಜವನ್ನು ಕಾಲಂಗುಲಕ್ಕಿಂತ ಆಳವಾಗಿ ಹೂಳಬಾರದು. ಬದನೆ, ಟೊಮೇಟೊಗಳು ಸುಮಾರು 7ರಿಂದ 10 ದಿನಗಳಲ್ಲಿ ಮೊಳೆಯುವುವು. ಮೆಣಸಿನ ಬೀಜವು ಇನ್ನೂ ಕೆಲವು ದಿನ ತಡೆಯಬಹುದು. ಮೊಳೆತ ಕೂಡಲೇ ಬೆಳಕು ಬೇಕು; ಇಲ್ಲವಾದರೆ ಸಸಿಗಳು ಸೊರಗಿ ನೀಳವಾಗುವುವು. ನೀರನ್ನು ಬೆಳಗ್ಗೆ ಮಾತ್ರ ಚಿಮುಕಿಸಿರಿ. ಒತ್ತಾಗಿ ಬಿತ್ತಿ ಅತಿಯಾಗಿ ನೀರೆರೆದರೆ, ಬೂಷ್ಟಿನಂಥ ಸೂಕ್ಷ್ಮಜೀವಿಗಳು ಹೆಚ್ಚಿ ಬುಡ ಕೊಳೆಯುವುದು.

ಬೆಂಡೆ, ಹುರುಳಿಕಾಯಿ, ಕುಂಬಳಗಳಿಗೆ ಈ ಉಪಚಾರ ಬೇಡ. ಬೇರು ಕದಲಿದರೆ ಅವು ಸಹಿಸಲಾರವು; ಪಾತಿಯಲ್ಲಿಯೇ ಬಿತ್ತುವುದು ಲೇಸು.

ಕಳೆದ ವರ್ಷ ನಾನು ಆತುರಪಟ್ಟು, ನೆರಳಿನಲ್ಲಿ ಬೆಳೆದ ಬದನೆಯ ಸಸಿಗಳನ್ನು ನೇರವಾಗಿ ಬಯಲಿನಲ್ಲಿ ನೆಟ್ಟೆನು. ಸಂಜೆಯೊಳಗೆ ಎಲ್ಲವೂ ಬಾಡಿ ಮಲಗಿದವು. ಐದು ವಾರಗಳ ಶ್ರಮ ಒಂದು ದಿನದ ಬಿಸಿಲಿಗೆ ಹೋಯಿತು; ಗೌರೀಹಬ್ಬಕ್ಕೆ ಸಂತೆಯ ಬದನೆಯೇ ಗತಿಯಾಯಿತು. ವಾಚಕರು ಆ ತಪ್ಪನ್ನು ಮಾಡದಿರಲಿ. ನೆಡುವುದಕ್ಕೆ ಒಂದು ವಾರ ಮೊದಲಿನಿಂದ ಸಸಿಗಳನ್ನು ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಿ, ಮೋಡವಿರುವ ದಿನ ಸಾಯಂಕಾಲದಲ್ಲಿ ನೆಡಿರಿ.