ಗೋಕಾಕದ ಧಬಧಬೆಯಿಂದ ಒಂದು ಚೀಲ ಯೂರಿಯಾ

ಘಟಪ್ರಭಾ ನದಿ ಗೋಕಾಕ ಫಾಲ್ಸ್‌ನಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ತೂಗುಸೇತುವೆಯ ಮೇಲೆ ನಿಂತವರಿಗೆ ಅದು ನೋಟದ ಸೊಬಗು. ಆದರೆ ಬೀಳುವ ನೀರಿನಲ್ಲಿ ಶಕ್ತಿಯೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇಲ್ಲಿನ ಹತ್ತಿ ಗಿರಣಿ ಆ ಶಕ್ತಿಯನ್ನು ದುಡಿಸಿಕೊಂಡಿತು. ಅದೇ ಶಕ್ತಿಯಿಂದ ನೀರನ್ನೇ ಒಡೆದು ಜಲಜನಕ ಪಡೆದರೆ? ಆ ಜಲಜನಕದಿಂದ ನಮ್ಮ ಕಬ್ಬಿನ ಗದ್ದೆಗೆ ಗೊಬ್ಬರ ಮಾಡಿದರೆ? ಲೆಕ್ಕ ಹಾಕಿ ನೋಡೋಣ.

ನೀರಿನಲ್ಲಿ ವಿದ್ಯುತ್ ಹರಿಸಿದರೆ ಅದು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆಂದು 1800ರಲ್ಲಿ ಇಂಗ್ಲೆಂಡಿನ ನಿಕೋಲ್ಸನ್ ಮತ್ತು ಕಾರ್ಲೈಲ್ ಕಂಡುಕೊಂಡರು. ಇದೇ ವಿದ್ಯುದ್ವಿಭಜನೆ. ಶುದ್ಧ ನೀರು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಆದ್ದರಿಂದ ಕಾರ್ಖಾನೆಗಳಲ್ಲಿ ಅದಕ್ಕೆ ಶೇಕಡಾ 25ರಿಂದ 30ರಷ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಬೆರೆಸುತ್ತಾರೆ. ಕ್ಷಾರ ಖರ್ಚಾಗುವುದಿಲ್ಲ, ಖರ್ಚಾಗುವುದು ನೀರು ಮಾತ್ರ. ನಿಕ್ಕಲ್ ಲೇಪಿಸಿದ ಉಕ್ಕಿನ ಫಲಕಗಳೇ ವಿದ್ಯುದಗ್ರಗಳು. ಋಣಾಗ್ರದಲ್ಲಿ ಜಲಜನಕ, ಧನಾಗ್ರದಲ್ಲಿ ಆಮ್ಲಜನಕ ಗುಳ್ಳೆಗಳಾಗಿ ಏಳುತ್ತವೆ. ಎರಡೂ ಬೆರೆತರೆ ಸ್ಫೋಟದ ಭಯ. ಅದಕ್ಕಾಗಿ ನಡುವೆ ಒಂದು ಸೂಕ್ಷ್ಮರಂಧ್ರದ ಪರದೆ ಇರುತ್ತದೆ. ಹಿಂದೆ ಅದನ್ನು ಕಲ್ನಾರಿನಿಂದ ಮಾಡುತ್ತಿದ್ದರು.

ಒಂದು ಕಿಲೋ ಜಲಜನಕಕ್ಕೆ ಬೇಕಾಗುವ ನೀರು 9 ಲೀಟರ್ ಮಾತ್ರ. ಆದರೆ ವಿದ್ಯುತ್ತು? ಸುಮಾರು 50 ಯೂನಿಟ್! ಅಂದರೆ 1000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು 50 ತಾಸು ಬಿಡದೆ ಉರಿಸಿದಷ್ಟು.

ಈಗ ಧಬಧಬೆಯ ಲೆಕ್ಕ. ಒಂದು ಸಾವಿರ ಲೀಟರ್ ನೀರು 52 ಮೀಟರ್ ಬಿದ್ದರೆ, ಯಂತ್ರಗಳಲ್ಲಿ ಆಗುವ ನಷ್ಟ ಕಳೆದು, ಸಿಗುವ ವಿದ್ಯುತ್ತು ಸುಮಾರು 0.12 ಯೂನಿಟ್. ಹಾಗಾದರೆ 50 ಯೂನಿಟ್ಟಿಗೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರು ಧುಮುಕಬೇಕು. ಒಡೆಯುವುದು 9 ಲೀಟರ್, ಬೀಳಬೇಕಾದದ್ದು ನಾಲ್ಕು ಲಕ್ಷ ಲೀಟರ್! ಸಮಾಧಾನವೆಂದರೆ, ಬಿದ್ದ ನೀರು ಎಲ್ಲಿಯೂ ಹೋಗದು. ಕೆಳಗಿನ ಊರುಗಳಿಗೆ ಹರಿದು ಹೋಗುತ್ತದೆ.

ಒಂದು ಕಿಲೋ ಜಲಜನಕ ಗಾಳಿಯ ಸಾರಜನಕದೊಡನೆ ಕೂಡಿ ಅಮೋನಿಯಾ ಆಗಿ, ಅದರಿಂದ ಹೆಚ್ಚೆಂದರೆ 10 ಕಿಲೋ ಯೂರಿಯಾ ಆಗುತ್ತದೆ. 45 ಕಿಲೋದ ಒಂದು ಚೀಲಕ್ಕೆ ಬರಿಯ ಜಲಜನಕದ ಬಾಬ್ತು 225 ಯೂನಿಟ್ ವಿದ್ಯುತ್ತು ಬೇಕು.

ಇದು ಬರಿಯ ಕಲ್ಪನೆಯಲ್ಲ. ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆ 1960ರ ದಶಕದಲ್ಲಿ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ಒಡೆದೇ ಜಲಜನಕ ಪಡೆಯುತ್ತಿತ್ತು. ಮುಂದೆ ಆ ವಿದ್ಯುತ್ತಿಗೆ ಪಂಪುಸೆಟ್ಟು, ಮನೆ, ಕಾರ್ಖಾನೆಗಳಿಂದ ಬೇಡಿಕೆ ಏರಿತು. 1970ರ ದಶಕದ ಕೊನೆಯಲ್ಲಿ ಕಾರ್ಖಾನೆ ಇಂಧನ ತೈಲದತ್ತ ಹೊರಳಿತು. ಇಂದು ದೇಶದ ಯೂರಿಯಾ ಬಹುಪಾಲು ನೈಸರ್ಗಿಕ ಅನಿಲದಿಂದಲೇ ತಯಾರಾಗುತ್ತದೆ. ಆ ಅನಿಲದಲ್ಲಿ ದೊಡ್ಡ ಪಾಲು ಹೊರದೇಶದ್ದು.

ಹಾಗಾಗಿ ನೀರನ್ನು ಒಡೆಯುವ ಮಾತು ಮತ್ತೆ ಬಂದಿದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಹಸಿರು ಜಲಜನಕ ಯೋಜನೆಯ ಗುರಿ, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್. ಇದಕ್ಕೆ ಬಿಸಿಲು, ಗಾಳಿಗಳ ವಿದ್ಯುತ್ತೇ ಆಗಬೇಕು. ಕಲ್ಲಿದ್ದಲಿನ ವಿದ್ಯುತ್ ಬಳಸಿದರೆ ಒಂದು ಕಿಲೋ ಜಲಜನಕಕ್ಕೆ ಸುಮಾರು 50 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನೈಸರ್ಗಿಕ ಅನಿಲದಿಂದ ಮಾಡಿದರೆ ಅದು ಸುಮಾರು 10 ಕಿಲೋ. ಕಲ್ಲಿದ್ದಲು ಸುಟ್ಟು ನೀರು ಒಡೆಯುವುದು ಇದ್ದುದಕ್ಕಿಂತ ಕೆಟ್ಟ ದಾರಿ.

ನಮ್ಮ ಧಬಧಬೆಯನ್ನು ನೆಚ್ಚಿಕೊಂಡರೆ ಸಾಕೆ? ಬೇಸಿಗೆಯಲ್ಲಿ ಅದು ಸೊರಗುತ್ತದೆ. ಮೇಲ್ಗಡೆ ಧೂಪದಾಳದಲ್ಲಿ ಕಾಲುವೆಗೆ ತಿರುಗಿದ ನೀರು ಫಾಲ್ಸಿನಲ್ಲಿ ಬೀಳುವುದಿಲ್ಲ. ಬೆಳೆಗೆ ನೀರು ಮೊದಲು ಎಂದರೆ ಯಾರೂ ಅಲ್ಲಗಳೆಯಲಾರರು.

ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿ ನೋಡಬಹುದು. ಒಂದು ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, 9 ವೋಲ್ಟಿನ ಬ್ಯಾಟರಿಗೆ ಜೋಡಿಸಿದ ಎರಡು ಪೆನ್ಸಿಲ್ ಸೀಸದ ಕಡ್ಡಿಗಳನ್ನು ಒಂದಕ್ಕೊಂದು ತಾಗದಂತೆ ಇಳಿಬಿಡಿ. ಯಾವ ಕಡ್ಡಿಯಲ್ಲಿ ಗುಳ್ಳೆ ಹೆಚ್ಚು, ಏಕೆ? ಹಿರಿಯರು ಜೊತೆಗಿರಲಿ, ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಅಡುಗೆ ಉಪ್ಪು ಬೇಡ, ವಿಷದ ಕ್ಲೋರಿನ್ ಬರುತ್ತದೆ. ಗೋಡೆಯ ಪ್ಲಗ್ಗಿಗಂತೂ ಕೈ ಹಾಕಲೇಬೇಡಿ.