ರಿಜಿಸ್ಟ್ರಿ ತೊಳೆಯೋ ಮುಂಚೆ ಅಳೆದು ನೋಡಿ

ಇಂಜಿನಿಯರಿಂಗ್ ಸೀಟ್ ಸಿಕ್ಕ ದಿನದಿಂದ ನಮಗೆಲ್ಲ ಮನೆಯಲ್ಲಿ ಸಂಬಳ ಇಲ್ಲದ ಒಂದು ಕೆಲಸ ಸಿಗುತ್ತೆ. ಅತ್ತೆ ಮನೆ ವೈಫೈ, ಪಕ್ಕದ ಮನೆ ಅಂಕಲ್ ಪ್ರಿಂಟರ್, ದೊಡ್ಡಪ್ಪನ ಲ್ಯಾಪ್‌ಟಾಪ್, ಯಾವುದು ಕೆಟ್ಟರೂ ಕರೆ ಬರೋದು ನಮಗೇ. ಓದ್ತಿರೋದು ಸಿವಿಲ್ ಆದ್ರೂ ವಿನಾಯಿತಿ ಇಲ್ಲ. ನಾವೂ ಅಷ್ಟೇ, "ಗೊತ್ತಿಲ್ಲ" ಅಂತ ಮಾತ್ರ ಹೇಳಲ್ಲ. ಹಾಗೆ ಹೇಳದೇ ಇದ್ದದ್ದಕ್ಕೆ ಕಳೆದ ರಜೆಯಲ್ಲಿ ಏನಾಯ್ತು ಅಂತ ಮೊದಲು ಹೇಳ್ತೀವಿ. ಅಭಿಪ್ರಾಯ ಆಮೇಲೆ.

ನಮ್ಮ ಮೂವರಲ್ಲಿ ಒಬ್ಬನ ಮನೆ ಜೆ.ಪಿ. ನಗರ 7ನೇ ಹಂತದಲ್ಲಿದೆ. ಹಾಲ್‌ನ ಮೂಲೆಯಲ್ಲಿ ಒಂದು ಹಳೇ ಅಸೆಂಬಲ್ಡ್ ಡೆಸ್ಕ್‌ಟಾಪ್. ಅದನ್ನ ದಿನಾ ಬಳಸೋರು ಅವನ ತಾತ. ಮೇಷ್ಟ್ರಾಗಿ ನಿವೃತ್ತರಾದವರು, ಹತ್ತು ಹನ್ನೆರಡು ವರ್ಷದಿಂದ ತಮ್ಮ ಊರಿನ ನೆನಪುಗಳನ್ನ ನುಡಿಯಲ್ಲಿ ಟೈಪ್ ಮಾಡ್ತಾ ಬಂದಿದ್ದಾರೆ. ಇತ್ತೀಚೆಗೆ ಕಂಪ್ಯೂಟರ್ ಆನ್ ಆಗೋಕೆ ಹತ್ತು ನಿಮಿಷ ಹಿಡಿಯೋಕೆ ಶುರುವಾಗಿತ್ತು. ಅಂಗಡಿಯೊಂದಕ್ಕೆ ಫೋನ್ ಮಾಡಿದ್ರೆ, ಅವರು ಕಂಪ್ಯೂಟರ್ ನೋಡದೇನೇ "ರಿಜಿಸ್ಟ್ರಿ ತುಂಬಾ ದಪ್ಪ ಆಗಿರುತ್ತೆ ಸಾರ್, ಫಾರ್ಮ್ಯಾಟ್ ಮಾಡ್ಬೇಕು" ಅಂದಿದ್ರು.

"ಫಾರ್ಮ್ಯಾಟ್ ಅಂದ್ರೆ ಒಳಗಿರೋದೆಲ್ಲ ಹೋಗುತ್ತೇನ್ರಪ್ಪ?" ಅಂತ ತಾತ ಕೇಳಿದ್ರು.

"ಫಾರ್ಮ್ಯಾಟ್ ಬೇಡ ತಾತ, ರಿಜಿಸ್ಟ್ರಿ ಮಾತ್ರ ಕ್ಲೀನ್ ಮಾಡ್ತೀವಿ" ಅಂದ್ವಿ. ಅಂಗಡಿಯವರು ಹೇಳಿದ ಕಾಯಿಲೆಯನ್ನ ನಾವು ಪ್ರಶ್ನೆ ಮಾಡ್ಲಿಲ್ಲ, ಔಷಧಿ ಮಾತ್ರ ಬದಲಾಯಿಸಿದ್ವಿ. ಒಂದು ಉಚಿತ ಕ್ಲೀನರ್ ಇಳಿಸಿಕೊಂಡ್ವಿ. ಅದು ಕೆಂಪು ಅಕ್ಷರದಲ್ಲಿ 1,240 ದೋಷ ತೋರಿಸ್ತು. ಬ್ಯಾಕಪ್ ಬೇಕಾ ಅಂತ ಕೇಳಿದ್ದಕ್ಕೆ "ಬೇಡ" ಒತ್ತಿ, ಎಲ್ಲವನ್ನೂ ಅಳಿಸಿ, ರೀಸ್ಟಾರ್ಟ್ ಮಾಡಿದ್ವಿ.

ಮತ್ತೆ ಹತ್ತೇ ನಿಮಿಷ. ಒಂದು ಸೆಕೆಂಡೂ ಕಮ್ಮಿ ಆಗಿರಲಿಲ್ಲ. ಅದರ ಮೇಲೆ ತಾತ ತಮ್ಮ ಫೈಲ್ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಒಂದೂ ಕನ್ನಡ ಅಕ್ಷರ ಇಲ್ಲ. ಅವರು ನಾಲ್ಕೈದು ಫೈಲ್ ತೆರೆದು ನೋಡಿದ್ರು, ಎಲ್ಲಾ ಹಾಗೇ. "ಹೋಯ್ತು ಅನ್ಸುತ್ತೆ, ಬಿಡಿ" ಅಂತ ಎದ್ದು ಒಳಗೆ ಹೋದ್ರು. ಬೈದಿದ್ರೆ ನಮಗೆ ಎಷ್ಟೋ ವಾಸಿ ಇತ್ತು.

ಬರಹ ಹೋಗಿರಲಿಲ್ಲ. ಹಳೇ ನುಡಿ ಫೈಲ್‌ಗಳು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನ ಕೂರಿಸಿರ್ತಾರೆ. ಫಾಂಟ್ ಇದ್ರೆ ಕನ್ನಡ ಕಾಣುತ್ತೆ, ಇಲ್ಲದಿದ್ರೆ ಕಸ ಕಾಣುತ್ತೆ. ಫೋನ್‌ನಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯೋ ನಮಗೆ ಇದು ಗೊತ್ತಾಗೋಕೆ ಅರ್ಧ ದಿನ ಬೇಕಾಯ್ತು. ಯಾವ್ಯಾವ ಫಾಂಟ್ ಎಲ್ಲಿದೆ ಅನ್ನೋ ಪಟ್ಟಿ ಇರೋದು ರಿಜಿಸ್ಟ್ರಿಯಲ್ಲಿ. ನಾವು ಅಳಿಸಿದ 1,240ರಲ್ಲಿ ಆ ಸಾಲೂ ಇತ್ತು.

ಆಗ ಮಾತ್ರ ನಾವು ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೂತ್ವಿ. ರಿಜಿಸ್ಟ್ರಿ ಅಂದ್ರೆ ಏನು? ಅದು ನಿಜಕ್ಕೂ ದಪ್ಪ ಆಗಿದೆಯಾ?

1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಚಿಕ್ಕದಾಗಿ ಶುರುವಾಯ್ತು. ವಿಂಡೋಸ್ 95ರ ಹೊತ್ತಿಗೆ ಅಲ್ಲಲ್ಲಿ ಚದುರಿದ್ದ ಐಎನ್ಐ ಫೈಲ್‌ಗಳ ಸೆಟ್ಟಿಂಗ್‌ಗಳನ್ನೆಲ್ಲ ಒಂದೇ ಕಡೆ ಇಡೋ ಜಾಗ ಆಯ್ತು. ಈಗಿನ ವಿಂಡೋಸ್‌ನಲ್ಲಿ ಅದು ಕೆಲವು ಫೈಲ್‌ಗಳಾಗಿ ಡಿಸ್ಕ್ ಮೇಲೆ ಇರುತ್ತೆ, ಅವಕ್ಕೆ ಹೈವ್ ಅಂತಾರೆ. ಸಿಸ್ಟಮ್32 ಒಳಗಿನ ಕಾನ್ಫಿಗ್ ಫೋಲ್ಡರ್‌ಗೆ ಹೋದ್ರೆ ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡೀಫಾಲ್ಟ್ ಅನ್ನೋ ಹೆಸರಲ್ಲಿ ಸಿಗುತ್ತವೆ. ಪ್ರತಿ ಬಳಕೆದಾರರ ಫೋಲ್ಡರ್‌ನಲ್ಲೂ ಅವರದ್ದೇ ಒಂದು ಹೈವ್ ಇರುತ್ತೆ. ಅಂದ್ರೆ ರಿಜಿಸ್ಟ್ರಿಯ ದಪ್ಪ ತಿಳಿಯೋಕೆ ಯಾವ ಸಾಫ್ಟ್‌ವೇರೂ ಬೇಡ, ಫೈಲ್ ಸೈಜ್ ನೋಡಿದ್ರೆ ಸಾಕು. ತಾತನ ಕಂಪ್ಯೂಟರ್‌ನಲ್ಲಿ ಎಲ್ಲಾ ಕೂಡಿ ಸುಮಾರು 160 ಎಂಬಿ ಬಂತು. ಇರೋ ರ್‍ಯಾಮ್ 4 ಜಿಬಿ.

ಇನ್ನು ನಮ್ಮ ಸಾಧನೆಯ ಲೆಕ್ಕ. ಒಂದು ನಮೂದಿಗೆ ಧಾರಾಳವಾಗಿ 200 ಬೈಟ್ ಅಂದ್ಕೊಳ್ಳಿ. 1,240 ನಮೂದಿಗೆ ಸುಮಾರು ಕಾಲು ಎಂಬಿ. 160ರಲ್ಲಿ ಕಾಲು ಅಂದ್ರೆ ಶೇಕಡಾ 0.2 ಕೂಡ ಇಲ್ಲ. ಅದೂ ಸಹ ಫೈಲ್‌ನಿಂದ ಹೊರಗೆ ಹೋಗಲ್ಲ. ಹೈವ್ ಒಳಗೆ ಒಂದು ನಮೂದನ್ನ ಅಳಿಸಿದ್ರೆ ಆ ಜಾಗ "ಖಾಲಿ" ಅಂತ ಗುರುತಾಗುತ್ತೆ ಅಷ್ಟೇ, ಫೈಲ್ ತಾನಾಗಿ ಚಿಕ್ಕದಾಗಲ್ಲ. ಇನ್ನೊಂದು ವಿಷಯ, ವಿಂಡೋಸ್ ರಿಜಿಸ್ಟ್ರಿಯನ್ನ ಪುಸ್ತಕದ ಥರ ಮೊದಲಿಂದ ಕೊನೆವರೆಗೆ ಓದಲ್ಲ. ಅದು ಮರದ ಆಕಾರದ ರಚನೆ, ಬೇಕಾದ ಕೊಂಬೆ ಹಿಡಿದು ಇಳಿದು ಬೇಕಾದ್ದನ್ನ ತಗೊಳ್ಳುತ್ತೆ. ಡೇಟಾ ಸ್ಟ್ರಕ್ಚರ್ಸ್ ಪೇಪರ್‌ನಲ್ಲಿ ಸರ್ಚ್ ಟ್ರೀ ಬಗ್ಗೆ ಪುಟಗಟ್ಟಲೆ ಬರೆದ ನಮಗೆ, ಬಳಸದ ಸಾವಿರ ಎಲೆ ಇದ್ದ ಮಾತ್ರಕ್ಕೆ ಮರ ಹತ್ತು ನಿಮಿಷ ನಿಧಾನ ಆಗಲ್ಲ ಅಂತ ಹೊಳೀಲೇ ಇಲ್ಲ.

ಹಾಗಾದ್ರೆ ನಿಧಾನ ಯಾಕೆ? ಸುಳಿವು ನಾವು ಮಾಡಿದ ಎಡವಟ್ಟಿನಲ್ಲೇ ಇತ್ತು. ಕ್ಲೀನರ್ ಆ ಫಾಂಟ್ ಸಾಲನ್ನ ಅಳಿಸಿದ್ದು "ಫೈಲ್ ಸಿಗ್ತಿಲ್ಲ" ಅನ್ನೋ ಕಾರಣಕ್ಕೆ. ಫೈಲ್ ಇತ್ತಲ್ಲ! ಹಿಂದಿನ ಕಂಪ್ಯೂಟರ್‌ನಿಂದ ಬಿಚ್ಚಿ ಜೋಡಿಸಿದ್ದ ಎರಡನೇ ಹಾರ್ಡ್ ಡಿಸ್ಕ್‌ನಲ್ಲಿ, ತಾತನ ಬರಹದ ಪಕ್ಕದ ಫೋಲ್ಡರ್‌ನಲ್ಲೇ ಇತ್ತು. ಯಾರೋ ಅದನ್ನ ಕಾಪಿ ಮಾಡದೆ ಶಾರ್ಟ್‌ಕಟ್ ಆಗಿ ಇನ್‌ಸ್ಟಾಲ್ ಮಾಡಿದ್ರು. ಇದ್ದ ಫೈಲ್ "ಇಲ್ಲ" ಅನ್ನಿಸಿದ್ರೆ, ಕೇಳಿದಾಗ ಡಿಸ್ಕ್ ಉತ್ತರ ಕೊಟ್ಟಿಲ್ಲ ಅಂತ ಅರ್ಥ ತಾನೇ? ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿದ್ವಿ. ಸಾಲಾಗಿ ಒಂದೇ ದೂರು: ಡಿಸ್ಕ್, ಈವೆಂಟ್ 7, ಬ್ಯಾಡ್ ಬ್ಲಾಕ್. ವಾರಗಳಿಂದ ಆ ಡಿಸ್ಕ್ ಕೂಗ್ತಾ ಇತ್ತು. ಪ್ರತಿ ಸಲ ಆನ್ ಮಾಡಿದಾಗಲೂ ವಿಂಡೋಸ್ ಅದಕ್ಕಾಗಿ ಕಾಯ್ತಾ ಕೂತಿತ್ತು.

ತಕ್ಷಣ ಬೇರೆಲ್ಲ ಬಿಟ್ಟು, ತಾತನ ಫೋಲ್ಡರನ್ನ ಹೊರಗಿನ ಡಿಸ್ಕ್‌ಗೆ ಕಾಪಿ ಹಾಕಿದ್ವಿ. ಎರಡು ದಿನ ಹಿಡೀತು. ಮೂರು ಫೈಲ್ ಎಷ್ಟು ಸಲ ಪ್ರಯತ್ನ ಮಾಡಿದ್ರೂ ಬರಲಿಲ್ಲ. ಉಳಿದದ್ದೆಲ್ಲ ಬಂತು. ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟಾಗ ಕನ್ನಡ ವಾಪಸ್ ಬಂತು. ಕೆಟ್ಟ ಡಿಸ್ಕ್ ಬಿಚ್ಚಿದ ಮೇಲೆ ಕಂಪ್ಯೂಟರ್ ಒಂದೂವರೆ ನಿಮಿಷದಲ್ಲಿ ಆನ್ ಆಯ್ತು. ರಿಜಿಸ್ಟ್ರಿ ಮಾತ್ರ ಅದೇ 160 ಎಂಬಿ.

ಈಗ ನಮ್ಮ ಅಭಿಪ್ರಾಯ. "ರಿಜಿಸ್ಟ್ರಿ ದಪ್ಪ ಆಗಿದೆ" ಅನ್ನೋದು ಬಹಳ ಸಲ ರೋಗದ ಹೆಸರಲ್ಲ, ನೋಡೋಕೆ ಸೋಮಾರಿತನ ಅನ್ನೋದರ ಇನ್ನೊಂದು ಹೆಸರು. ಅಂಗಡಿಯವರನ್ನ ಮಾತ್ರ ಬೈಯೋಕಾಗಲ್ಲ, ಅವರು ನಾಲ್ಕು ವರ್ಷ ಇಂಜಿನಿಯರಿಂಗ್ ಓದ್ತೀವಿ ಅಂತ ಹೇಳಿಕೊಂಡಿಲ್ಲ. ಲ್ಯಾಬ್‌ನಲ್ಲಿ ಮಲ್ಟಿಮೀಟರ್ ಇಡದೆ ರೀಡಿಂಗ್ ಬರೆದ್ರೆ ರೆಕಾರ್ಡ್ ವಾಪಸ್ ಬರುತ್ತೆ. ಮನೆಗೆ ಬಂದ ಕೂಡ್ಲೇ ಆ ಅಭ್ಯಾಸ ಎಲ್ಲಿ ಹೋಗುತ್ತೆ? ಮನೆಯವರು ನಮ್ಮನ್ನ ಪ್ರಶ್ನೆ ಮಾಡಲ್ಲ, ಅದೇ ಅಪಾಯ. ತಾತ ನಮ್ಮನ್ನ ನಂಬಿ ಹನ್ನೆರಡು ವರ್ಷದ ಬರಹವನ್ನ ಕೈಗೆ ಕೊಟ್ಟಿದ್ರು. ಕ್ಲೀನರ್ ಕಂಪ್ಯೂಟರ್‌ನ ಒಂದಿಷ್ಟು ಚುರುಕು ಮಾಡಿದ್ದಿದ್ರೆ, ನಾವು ಬೆನ್ನು ತಟ್ಟಿಕೊಂಡು ಮನೆಗೆ ಹೋಗ್ತಿದ್ವಿ, ಡಿಸ್ಕ್ ಇನ್ನೊಂದು ತಿಂಗಳಲ್ಲಿ ಪೂರ್ತಿ ಸಾಯ್ತಿತ್ತು.

ರಿಜಿಸ್ಟ್ರಿ ದೊಡ್ಡದಾಗೋದು ಬರೀ ಸುಳ್ಳಾ ಅಂತ ನೀವು ಕೇಳಬಹುದು. ಅಲ್ಲ. ವಿಂಡೋಸ್ 2000ವರೆಗೆ ವರ್ಚುವಲ್ ಮೆಮೊರಿ ಸೆಟ್ಟಿಂಗ್ ಪಕ್ಕದಲ್ಲೇ ರಿಜಿಸ್ಟ್ರಿಗೆ ಗರಿಷ್ಠ ಗಾತ್ರ ಬರೆಯೋ ಜಾಗ ಇತ್ತು, ಆ ಮಿತಿ ದಾಟಿದ್ರೆ ನಿಜವಾಗ್ಲೂ ತೊಂದರೆ ಆಗ್ತಿತ್ತು. ಎಕ್ಸ್‌ಪಿಯಲ್ಲಿ ಆ ಮಿತಿಯನ್ನ ತೆಗೆದುಹಾಕಿದ್ರು. ಅಂಗಡಿಗಳಲ್ಲಿ ಇವತ್ತಿಗೂ ಓಡಾಡ್ತಿರೋ ಮಾತು ಬಹುಶಃ ಆ ಕಾಲದ್ದೇ. ಇವತ್ತೂ ದಿನಾ ಹತ್ತಾರು ಜನ ಲಾಗಿನ್ ಆಗೋ ಸರ್ವರ್‌ಗಳಲ್ಲಿ ಫೈರ್‌ವಾಲ್ ನಿಯಮಗಳು ರಿಜಿಸ್ಟ್ರಿಯಲ್ಲಿ ರಾಶಿ ಬಿದ್ದು ಸಿಸ್ಟಮ್ ಒದ್ದಾಡಿದ ಉದಾಹರಣೆ ಇದೆ. ಆದ್ರೆ ಅಲ್ಲೂ ಸರಿ ಮಾಡಿದ್ದು ಯಾವ ಕೀ ಬೆಳೀತಿದೆ ಅಂತ ಹುಡುಕಿ ಅದನ್ನ ಮಾತ್ರ, ಎಲ್ಲವನ್ನೂ ಗುಡಿಸಿ ಅಲ್ಲ. ಕ್ಲೀನರ್‌ಗಳ ಬಳಕೆಯನ್ನ ತಾನು ಬೆಂಬಲಿಸಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ.

ಹಾಗಾಗಿ ಮುಂದಿನ ಸಲ ಮನೆಯಿಂದ ಕರೆ ಬಂದಾಗ ನಮ್ಮದೊಂದು ಮನವಿ. ಮೊದಲು ಮನೆಯವರ ಫೈಲ್‌ಗಳನ್ನ ಬೇರೆ ಕಡೆ ಕಾಪಿ ಮಾಡಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಶೇಕಡಾ 100ರಲ್ಲಿ ನಿಂತಿದೆಯಾ ನೋಡಿ, ಸ್ಟಾರ್ಟಪ್ ಪಟ್ಟಿ ನೋಡಿ, ಈವೆಂಟ್ ವ್ಯೂವರ್ ಓದಿ. ರಿಜಿಸ್ಟ್ರಿ ಮೇಲೆ ಅನುಮಾನ ಇದ್ರೆ ಹೈವ್ ಫೈಲ್‌ಗಳ ಸೈಜ್ ನೋಡಿ. ಯಾವುದಾದ್ರೂ ಅತಿಯಾಗಿದ್ರೆ ಬೇಡದ ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿ, ಯಾರೂ ಬಳಸದ ಯೂಸರ್ ಪ್ರೊಫೈಲ್ ಇದ್ರೆ ಅದರೊಳಗೆ ಯಾರ ಫೈಲೂ ಉಳಿದಿಲ್ಲ ಅಂತ ಖಾತ್ರಿ ಮಾಡ್ಕೊಂಡು ತೆಗೀರಿ. ಕೈ ಹಾಕಲೇಬೇಕು ಅಂದ್ರೆ ಮೊದಲು ರಿಸ್ಟೋರ್ ಪಾಯಿಂಟ್ ಮಾಡಿ, ಬದಲಾಯಿಸೋ ಕೀಯನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ರಿಜಿಸ್ಟ್ರಿಯ ಬ್ಯಾಕಪ್ ಮೊದಲಿನ ಹಾಗೆ ರೆಗ್‌ಬ್ಯಾಕ್ ಫೋಲ್ಡರ್‌ನಲ್ಲಿ ತಾನಾಗೇ ಆಗಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಗೊತ್ತಾಗದಿದ್ರೆ "ಗೊತ್ತಿಲ್ಲ" ಅನ್ನಿ, ಮರ್ಯಾದೆ ಏನೂ ಹೋಗಲ್ಲ. ತಾತ ಈಗ ಆ ಮೂರು ಫೈಲ್‌ನಲ್ಲಿದ್ದ ಭಾಗವನ್ನ ನೆನಪಿಂದ ಮತ್ತೆ ಬರೀತಿದ್ದಾರೆ. ಈ ಸಲ ಯುನಿಕೋಡ್‌ನಲ್ಲಿ. ಭಾನುವಾರ ಭಾನುವಾರ ನಾವು ಹೋಗಿ ಬ್ಯಾಕಪ್ ತಗೊಂಡು ಬರ್ತೀವಿ.